ಖಾಲಿ ಹಾಳೆಯ ಮೇಲೆ ಪೈಲವಾನರ ಸಹಿ

ಅರವತ್ತು ದಾಟಿದ ಮೇಲೆ ನನ್ನ ಫೋಟೋ ಪುಣೆಯ ಕೋಥರೂಡದ ತುಂಬ ಹರಿದಾಡಿತು, ಅದೂ ಕಳ್ಳಿ ಅಂತ. ಹಸಿರು ಕಾಟನ್ ಸೀರೆ ಉಟ್ಟು, ಹೆಗಲಿಗೆ ಬಟ್ಟೆಚೀಲ ಹಾಕಿಕೊಂಡು ಯಾವುದೋ ಸೊಸೈಟಿಯ ಗೇಟು ದಾಟುತ್ತಿದ್ದೇನೆ. ಸಿಸಿಟಿವಿ ಮೇಲಿನಿಂದ ತೆಗೆದದ್ದರಿಂದ ಮುಖಕ್ಕಿಂತ ನನ್ನ ಬೈತಲೆಯೇ ದೊಡ್ಡದಾಗಿ ಕಾಣುತ್ತಿತ್ತು. ಕೆಳಗೆ ಮರಾಠಿಯಲ್ಲಿ ಬರೆದಿದ್ದರು: ಈ ಹೆಂಗಸು ವಯಸ್ಸಾದವರು ಒಬ್ಬರೇ ಇರುವ ಹೊತ್ತು ನೋಡಿ ಮನೆಗೆ ಬಂದು, ಸಿಹಿ ಮಾತಾಡಿ, ಖಾಲಿ ಕಾಗದದ ಮೇಲೆ ಸಹಿ ಹಾಕಿಸಿಕೊಂಡು ಹೋಗುತ್ತಾಳೆ. ಎಚ್ಚರ. ಎಲ್ಲರಿಗೂ ಕಳಿಸಿ.

ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಅದು ಬೆಳಗಿನ ಚಹಾದ ಹೊತ್ತಿಗೆ ಬಂತು. ಮೊದಲು ನೋಡಿದವರು ನಮ್ಮ ಯಜಮಾನರು. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು, ಆಮೇಲೆ ನನ್ನ ಕಡೆ ನೋಡಿದರು.

"ಈ ಸೀರಿ ನಿನ್ನ ಹತ್ರನೂ ಅದ ಅಲ್ಲ?" ಅಂದರು.

ನೋಡಿದೆ. ಕೈಯಲ್ಲಿದ್ದ ಕಪ್ಪನ್ನು ಬಸಿಯ ಮೇಲೆ ಇಟ್ಟೆ. ಸೀರೆ ನನ್ನದು, ಚೀಲ ನನ್ನದು, ಮಾಡಿದ ಕೆಲಸವೂ ನನ್ನದೇ. ಖಾಲಿ ಕಾಗದದ ಮೇಲೆ ಸಹಿ ಹಾಕಿಸಿಕೊಂಡು ಬಂದದ್ದು ಹೌದು. ಒಂದಲ್ಲ, ಮೂರು.

ನನ್ನ ಹುಚ್ಚು ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ನಾನು ಹಳೆಯ ಆಟಗಾರರ ಹಸ್ತಾಕ್ಷರ ಕೂಡಿಸುತ್ತೇನೆ. ಟಿವಿಯಲ್ಲಿ ಕಾಣುವ ಈಗಿನ ಹುಡುಗರದಲ್ಲ. ಖೋಖೋ ಆಡಿದವರು, ಕಬಡ್ಡಿ ಆಡಿದವರು, ಹಾಕಿಯ ಗೋಲ್‌ಕೀಪರರು, ಕುಸ್ತಿ ಪೈಲವಾನರು: ಒಂದು ಕಾಲಕ್ಕೆ ಜನ ಹೆಗಲ ಮೇಲೆ ಹೊತ್ತು ಕುಣಿದು, ಆಮೇಲೆ ಮರೆತುಬಿಟ್ಟವರು. ಹಳೆಯ ಸಾಮಾನು ಮಾರುವ ಜುನಾ ಬಜಾರಿನಲ್ಲಿ ನೆಲದ ಮೇಲೆ ಹಾಸಿದ ತಾಡಪತ್ರಿಗಳ ಮೇಲೆ, ರದ್ದಿ ಅಂಗಡಿಯ ಕಟ್ಟುಗಳಲ್ಲಿ, ಹಳೆಯ ಟಿಕೀಟು, ಸ್ಮರಣಸಂಚಿಕೆ, ತಂಡದ ಫೋಟೋಗಳ ಮೂಲೆಯಲ್ಲಿ ಅವರು ನನಗೆ ಸಿಗುತ್ತಾರೆ. ನಮ್ಮ ಯಜಮಾನರು ನನಗೆ ಇಟ್ಟ ಹೆಸರು ರದ್ದೀವಾಲಿ. ಇಡಲಿ ಬಿಡಿ, ಅವರೂ ಏನು ಕಡಿಮೆ, ಮುರಿದ ಛತ್ರಿ ಒಂದೂ ಎಸೆಯುವುದಿಲ್ಲ.

ಈ ಹವ್ಯಾಸಕ್ಕೆ ಶುರುವಿನಿಂದಲೂ ಅಂಜಿಕೆಯೇ ಜೊತೆ. ಬಿಸಿಲು ಬಿದ್ದರೆ ಶಾಯಿ ಹಾರುತ್ತದೆ ಅಂತ ಅಂಜಿಕೆ. ಪುಣೆಯ ಮಳೆಗಾಲದಲ್ಲಿ ಗೋಡೆ ಬೆವರಿದರೆ ಕಾಗದಕ್ಕೆ ಬೂಸು ಬರುತ್ತದೆ ಅಂತ ಅಂಜಿಕೆ. ಬೆಳ್ಳಿಹುಳ ಕಂಡರಂತೂ ನನಗೆ ಹಾವು ಕಂಡಷ್ಟು ಭಯ. ಎಲ್ಲಕ್ಕಿಂತ ಮೇಲಿನದು ಖೊಟ್ಟಿ ಸಹಿಯ ಅಂಜಿಕೆ. ನಾನು ಧಾರವಾಡದಿಂದ ಮದುವೆಯಾಗಿ ಇಲ್ಲಿಗೆ ಬಂದವಳು, ನಿವೃತ್ತಿಯಾಗುವವರೆಗೂ ಬ್ಯಾಂಕಿನಲ್ಲಿ ಕ್ಲರ್ಕು. ಚೆಕ್ಕಿನ ಮೇಲಿನ ಸಹಿ, ಬ್ಯಾಂಕಿನಲ್ಲಿಟ್ಟ ನಮೂನೆ ಸಹಿ, ಎರಡನ್ನೂ ತಾಳೆ ನೋಡಿ ಪಾಸು ಮಾಡುವುದೇ ನನ್ನ ಅನ್ನವಾಗಿತ್ತು. ಅಷ್ಟು ವರ್ಷ ಸಹಿ ನೋಡಿದ ಕಣ್ಣಿಗೆ ಮಣ್ಣೆರಚಿದರೆ ಮಾನ ಉಳಿಯುತ್ತದೆಯೇ? ಅದಕ್ಕೇ ಸಹಿ ಮಾಡಿದವರು ಬದುಕಿದ್ದರೆ ಹುಡುಕಿಕೊಂಡು ಹೋಗುತ್ತೇನೆ. ಅವರ ಬಾಯಿಂದಲೇ "ಇದು ನನ್ನದು" ಅನ್ನಿಸಿಕೊಳ್ಳುತ್ತೇನೆ.

ಆ ದಿನ ಹೋದದ್ದೂ ಅದಕ್ಕೇ. ಜುನಾ ಬಜಾರಿನಲ್ಲಿ ಒಂದು ಕುಸ್ತಿಯ ಹಳೆಯ ಜಾಹೀರಾತು ಸಿಕ್ಕಿತ್ತು. ಅಂಗೈ ಬಡಿದುಕೊಂಡು ನಿಂತ ಇಬ್ಬರು ಜಟ್ಟಿಗಳ ಚಿತ್ರ, ಸುತ್ತ ಮರಾಠಿ ಅಕ್ಷರ, ಬಲಗಡೆಯವನ ಎದೆಯ ಮೇಲೆ ನೀಲಿ ಶಾಯಿಯಲ್ಲಿ ಒಂದು ಸಹಿ. ಸಹಿ ಮಾತ್ರ ಕನ್ನಡದಲ್ಲಿ! ಸಂತೋಷಕ್ಕೆ ಅಲ್ಲಿಯೇ ಕುಣಿಯಬೇಕು ಅನ್ನಿಸಿತು. ಹೆಸರಿನ ಕೊನೆಯ ಅಕ್ಷರದಿಂದ ಒಂದು ಬಾಲ ಹೊರಟು, ಹೆಸರಿನ ಬುಡದಲ್ಲಿ ಹಿಂದಕ್ಕೆ ಬಂದು, ಮೊದಲ ಅಕ್ಷರಕ್ಕೆ ಗಂಟು ಹಾಕಿದಂತೆ ಸುತ್ತಿಕೊಂಡಿತ್ತು. ನಮ್ಮ ಭಜನಾ ಮಂಡಳಿಯ ಗೆಳತಿಗೆ ತೋರಿಸಿದೆ. "ಅಯ್ಯ, ಈ ಪೈಲವಾನ ಅಜ್ಜಾರು ನಮ್ಮ ಹಿಂದಿನ ಓಣಿಯಾಗ ಇರ್ತಾರಲ್ಲ, ಬೆಳಗಾವಿ ಕಡೆಯವರು" ಅಂದಳು.

ಮಧ್ಯಾಹ್ನ ಹೋದೆ. ಹಳೆಯ ಕಟ್ಟಡ, ಲಿಫ್ಟಿಲ್ಲ, ಕಿಟಕಿಯ ಸಜ್ಜಾದ ಸಿಮೆಂಟು ಉದುರಿ ಕಬ್ಬಿಣದ ಸಲಾಕೆ ಕಾಣುತ್ತಿತ್ತು. ಮೇಲಿನ ಮಹಡಿ ಹತ್ತುವಷ್ಟರಲ್ಲಿ ನನ್ನ ಉಸಿರು ಕೊರಳಿಗೆ ಬಂದಿತ್ತು. ಬಾಗಿಲು ತೆಗೆದವರು ಸ್ವತಃ ಅಜ್ಜಾರು. ಎಂಬತ್ತು ದಾಟಿದ ದೇಹ. ಕಿವಿಗಳು ಮಾತ್ರ ಪೈಲವಾನರವೇ, ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಮುದುಡಿ ಗಟ್ಟಿಯಾದವು. ಮೊದಲು ಬಾಗಿಲನ್ನು ಅರ್ಧವೇ ತೆರೆದು, "ಕೋಣ? ಘರಾತ ಕೋಣೀ ನಾಹೀ" ಅಂತ ಮರಾಠಿಯಲ್ಲಿ ಮನೆಯಲ್ಲಿ ಯಾರೂ ಇಲ್ಲ ಅಂದರು. ನಾನು ಕನ್ನಡದಲ್ಲಿ ಮಾತಾಡಿಸಿದೆ, ಜಾಹೀರಾತು ಬಿಚ್ಚಿ ತೋರಿಸಿದೆ. ಬಾಗಿಲು ಪೂರ್ತಿ ತೆರೆಯಿತು.

"ಯವ್ವಾ, ಇದನ್ನೆಲ್ಲಿಂದ ತಂದಿ!" ಅಂದವರೇ ಬಲಗೈ ಮುಂದೆ ಚಾಚಿದರು. "ಕೈ ಕೊಡವ್ವ ಮೊದಲ. ಕುಸ್ತ್ಯಾಗ ಕೈ ಕೊಟ್ಟs ಶುರು ಮಾಡೂದು."

ಕೈ ಕೊಟ್ಟೆ. ನನ್ನ ಕೈ ಅವರ ಅಂಗೈಯಲ್ಲಿ ಕಾಣದಂತೆ ಮುಳುಗಿಹೋಯಿತು. ಆಮೇಲೆ ಚಿತ್ರದ ಮೇಲೆ ಹೆಬ್ಬೆರಳು ಆಡಿಸುತ್ತ ಹೇಳಿದರು: ಶಾಲೆಯ ಮೆಟ್ಟಿಲು ಹತ್ತಿದವರಲ್ಲವಂತೆ. ತಾಲೀಮು ಮನೆಯ ಕೆಂಪು ಮಣ್ಣಿನಲ್ಲಿ ಅವರ ಕುಸ್ತಿಗುರು ವಸ್ತಾದರು ಬೆರಳು ಹಿಡಿದು ತಿದ್ದಿಸಿ ಈ ಸಹಿಯೊಂದನ್ನು ಕಲಿಸಿದರಂತೆ. "ಲಂಗೋಟಿ ಬಿಗದಂಗ ಬಾಲ ಹಿಂದ ತಂದು ಗಂಟ ಹಾಕು, ಯಾರೂ ಬಿಚ್ಚಬಾರದು" ಅಂದಿದ್ದರಂತೆ. ಅಜ್ಜಾರು ಹೊಟ್ಟೆ ಕುಲುಕಿಸಿ ನಕ್ಕರು. "ನಂದs ಸಹಿ ಐತಿ ಇದು. ನನ್ನ ಬಿಟ್ಟು ಯಾವ ಮಗಾ ಹಾಕ್ತಾನ ಇದನ್ನ?"

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ನಮಸ್ಕಾರ ಮಾಡಿ ಎದ್ದು ಬರಬೇಕಿತ್ತು. ಬರಲಿಲ್ಲ. ನಮ್ಮಂಥವರಿಗೆ ಒಂದು ದರಿದ್ರ ಚಟವಿದೆ: ಬೇರೆ ಅಕ್ಷರ ಏನೂ ಇಲ್ಲದ ಬೆಳ್ಳನೆಯ ಹಾಳೆಯ ಮೇಲೆ ಸಹಿಯೊಂದೇ ಬೇಕು. ಚೌಕಟ್ಟು ಹಾಕಿಸಿದರೆ ಚೆಂದ ಕಾಣುತ್ತದೆ, ಬೇರೆ ಸಂಗ್ರಾಹಕರೊಡನೆ ಅದಲುಬದಲು ಮಾಡಲೂ ಅನುಕೂಲ. ಅದಕ್ಕಾಗಿ ಚೀಲದಲ್ಲಿ ದಪ್ಪ ಡ್ರಾಯಿಂಗ್ ಹಾಳೆಗಳನ್ನು ಯಾವಾಗಲೂ ಇಟ್ಟುಕೊಂಡಿರುತ್ತೇನೆ. ಮೂರು ತೆಗೆದು ಮುಂದಿಟ್ಟೆ. ಅಜ್ಜಾರು ನಾಲಿಗೆಯ ತುದಿ ಕಚ್ಚಿಕೊಂಡು, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು, ಮೂರರ ಮೇಲೂ ಹಾಕಿಕೊಟ್ಟರು. ಹಾಳೆಯ ನಡುವೆ ಹಾಕಲಿಲ್ಲ. ಕೆಳಗೆ, ಬಲಮೂಲೆಯಲ್ಲಿ ಹಾಕಿದರು. ಚೌಕಟ್ಟಿಗೆ ಸರಿಹೋಗುವುದಿಲ್ಲವಲ್ಲ ಅಂತ ನನಗೆ ಒಂದಿಷ್ಟು ಬೇಸರವಾಯಿತು. ಅಷ್ಟೇ ಅನ್ನಿಸಿದ್ದು ನೋಡಿ ನನ್ನ ತಲೆಗೆ! ಬರುವಾಗ ದಾರಿಯಲ್ಲೇ ಒಂದನ್ನು ಕೊಲ್ಕತ್ತಾದ ಸಂಗ್ರಾಹಕನೊಬ್ಬನಿಗೆ ಕೊರಿಯರ್ ಮಾಡಿ, ಕುಣಿಯುತ್ತ ಮನೆಗೆ ಬಂದೆ.

ಈಗ ಚಹಾ ಆರುತ್ತಿತ್ತು, ಫೋನಿನಲ್ಲಿ ನನ್ನ ಬೈತಲೆ ಕಾಣುತ್ತಿತ್ತು. ಉಳಿದ ಎರಡು ಹಾಳೆ ತಂದು ಮೇಜಿನ ಮೇಲಿಟ್ಟೆ. ಯಜಮಾನರು ಒಂದನ್ನು ಎತ್ತಿ ನೋಡಿದರು.

"ಮ್ಯಾಲೆಲ್ಲ ಖಾಲಿ, ಕೆಳಗ ಬಲಕ್ಕ ಸಹಿ. ಇದರ ಮ್ಯಾಲ ಏನು ಬೇಕಾದರೂ ಟೈಪ್ ಮಾಡಬಹುದಲ್ಲ? ಬ್ಯಾಂಕಿನಾಗ ಇದ್ದಾಕಿ ನೀನು. ನಿನಗೇನರ ಬುದ್ಧಿ ಅದ ಏನ?"

ಹೆಸರಾದ ಆಟಗಾರರು ಸಾಮಾನ್ಯವಾಗಿ ಎರಡು ಸಹಿ ಇಟ್ಟುಕೊಂಡಿರುತ್ತಾರೆ, ಅಭಿಮಾನಿಗಳಿಗೆ ಒಂದು, ಬ್ಯಾಂಕಿಗೆ ಒಂದು. ಆ ಧೈರ್ಯದ ಮೇಲೆಯೇ ನಾನು ಇಷ್ಟು ದಿನ ಖಾಲಿ ಹಾಳೆ ಚಾಚುತ್ತ ಬಂದಿದ್ದೆ. ಅಜ್ಜಾರಿಗೆ ಇರುವುದು ಒಂದೇ ಸಹಿ. ಮಣ್ಣಿನಲ್ಲಿ ಕಲಿತದ್ದು. ಜಾಹೀರಾತಿಗೂ ಅದೇ, ಚೆಕ್ಕಿಗೂ ಅದೇ, ಮನೆಯ ಕಾಗದಕ್ಕೂ ಅದೇ.

ಅವಮಾನಕ್ಕೆ ಅಂಜಿ ಮನೆಯಲ್ಲಿ ಕೂತುಬಿಡಲೇ ಅನ್ನಿಸಿದ್ದು ಸುಳ್ಳಲ್ಲ. ಆದರೆ ಸಿಸಿಟಿವಿಯಲ್ಲಿ ಬಂದ ಮುಖವನ್ನು ಎಷ್ಟು ದಿನ ಮುಚ್ಚಿಡುವುದು? ಎರಡು ಹಾಳೆ, ನನ್ನ ಹಳೆಯ ಬ್ಯಾಂಕಿನ ಗುರುತಿನ ಚೀಟಿ, ಆಧಾರ ಕಾರ್ಡು ಹಿಡಿದುಕೊಂಡು ಅಜ್ಜಾರ ಮನೆಗೆ ಹೊರಟೆ. ಗೇಟಿನ ವಾಚ್‌ಮನ್ ನನ್ನನ್ನು ನೋಡಿದ, ಫೋನು ನೋಡಿದ, ಮತ್ತೆ ನನ್ನನ್ನು ನೋಡಿದ. ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಯಲ್ಲೂ ಒಂದೊಂದು ಬಾಗಿಲು ಸಣ್ಣಗೆ ತೆರೆದು ಮುಚ್ಚಿತು.

ಬಾಗಿಲು ತೆಗೆದವಳು ಸೊಸೆ. ಶಾಲೆಯಲ್ಲಿ ಟೀಚರು, ಅವತ್ತು ರಜೆ ಹಾಕಿ ಕೂತಿದ್ದಳು. ಅವಳ ಮಾತೆಲ್ಲ ಮರಾಠಿ. ನನ್ನನ್ನು ಗುರುತಿಸಿದ್ದೇ ಮುಖ ಕೆಂಪಾಯಿತು.

"ಕಾಕು, ಯಾರು ಕಳಿಸಿದರು ನಿಮ್ಮನ್ನು?" ಅಂದಳು, ಸಿಟ್ಟಿನಲ್ಲೂ ಚಿಕ್ಕಮ್ಮ ಅಂತಲೇ ಕರೆದು.

ಯಾರೂ ಕಳಿಸಿಲ್ಲ ಅಂದೆ. ಅವಳು ನಂಬಲಿಲ್ಲ. ನಂಬದೇ ಇದ್ದದ್ದಕ್ಕೆ ಕಾರಣವನ್ನೂ ನಿಂತ ನಿಲುವಿನಲ್ಲೇ ಹೇಳಿದಳು. ಕಟ್ಟಡ ಕೆಡವಿ ದೊಡ್ಡ ಟವರು ಕಟ್ಟಬೇಕೆಂದು ಒಬ್ಬ ಬಿಲ್ಡರು ಬೆನ್ನು ಹತ್ತಿದ್ದಾನೆ. ಉಳಿದವರೆಲ್ಲ ಒಪ್ಪಿಗೆಗೆ ಸಹಿ ಹಾಕಿ ಆಗಿದೆ. ಈ ಮನೆ ಇರುವುದು ಅಜ್ಜಾರ ಹೆಸರಿನಲ್ಲಿ. ಕರಾರು ಸರಿ ಕಾಣದ್ದಕ್ಕೆ ಇವರು ಹಾಕಿಲ್ಲ. ಅಂದಿನಿಂದ ದಿನಕ್ಕೊಬ್ಬರು ಬಾಗಿಲು ಬಡಿಯುತ್ತಾರೆ. ಹಣ್ಣು ಹಿಡಿದು ಬರುತ್ತಾರೆ, ಕಾಲು ಮುಟ್ಟುತ್ತಾರೆ, ಸುಮ್ಮನೆ ಒಂದು ಸಹಿ ಅನ್ನುತ್ತಾರೆ. ಯಾರಿಗೂ ಏನಕ್ಕೂ ಸಹಿ ಹಾಕಬೇಡಿ ಅಂತ ಮಗ, ಸೊಸೆ ಇಬ್ಬರೂ ಅಜ್ಜಾರಿಗೆ ನೂರು ಸಲ ಹೇಳಿದ್ದರು.

"ಅಷ್ಟು ಹೇಳಿದ್ದು ಮರೆತು ನಿಮಗೆ ಹಾಕಿದರು, ಯಾಕೆ ಗೊತ್ತೇ? ನೀವು ಅವರ ಭಾಷೆ ಮಾತಾಡಿದಿರಿ, ಅವರ ಕುಸ್ತಿ ಮಾತಾಡಿದಿರಿ. ಸಂಜೆ ನನಗೆ ಖುಷಿಯಿಂದ ಹೇಳಿದರು, ಮೂರು ಸಹಿ ಕೊಟ್ಟೆ ಅಂತ." ಅವಳು ಒಳಗೆ ಕೈ ತೋರಿಸಿದಳು. "ನಾಳೆ ಆ ಹಾಳೆಯ ಮೇಲೆ ಒಪ್ಪಿಗೆಪತ್ರ ಬಂದರೆ ಇವರನ್ನು ಕರೆದುಕೊಂಡು ನಾವು ಎಲ್ಲಿಗೆ ಹೋಗುವುದು?"

ಅಜ್ಜಾರು ಒಳಗೆ ಮಂಚದ ಮೇಲೆ ಕೂತಿದ್ದರು. ತಪ್ಪು ಲೆಕ್ಕ ಮಾಡಿ ಮೇಷ್ಟ್ರ ಮುಂದೆ ನಿಂತ ಹುಡುಗನ ಹಾಗೆ ತಲೆ ತಗ್ಗಿಸಿದ್ದರು. ನನಗೆ ಸಂಕಟವಾಯಿತು. ಎರಡು ಹಾಳೆ ಕೊಟ್ಟೆ. ಸೊಸೆ ಅವುಗಳ ಫೋಟೋ ತೆಗೆದು, ಹರಿದು, ಚೂರುಗಳನ್ನು ಬಕೆಟ್ಟಿನ ನೀರಿಗೆ ಹಾಕಿ ಕೈಯಿಂದ ಹಿಸುಕಿದಳು. ನೀಲಿ ಶಾಯಿ ನೀರಿಗೆ ಬಿಟ್ಟಿತು. ಆಮೇಲೆ ಒದ್ದೆ ಕೈಯನ್ನು ನನ್ನ ಮುಂದೆ ಚಾಚಿದಳು.

"ಮೂರನೆಯದು?"

ಕೊಲ್ಕತ್ತಾಕ್ಕೆ ಕಳಿಸಿದೆ ಅಂದೆ. ಹೇಳುತ್ತಿರುವಾಗಲೇ ಆ ಮಾತು ನನಗೇ ಶುದ್ಧ ಸುಳ್ಳಿನಂತೆ ಕೇಳಿಸಿತು. ಯಾರಿಗೆ? ಒಬ್ಬ ಸಂಗ್ರಾಹಕನಿಗೆ. ಪರಿಚಯವೇ? ಫೋನಿನಲ್ಲಿ ಮಾತಾಡಿದ್ದೇನೆ. ಮುಖ ನೋಡಿದ್ದೀರಾ? ಇಲ್ಲ. ಅವನೇನು ಕೊಡುತ್ತಾನೆ? ಹಳೆಯ ಫುಟ್‌ಬಾಲ್ ಆಟಗಾರನೊಬ್ಬನ ಸಹಿ. ಸೊಸೆ ನನ್ನನ್ನು ದಿಟ್ಟಿಸಿದಳು. ಹಸ್ತಾಕ್ಷರ ಕೂಡಿಸುವುದು ಎಷ್ಟು ಹುಚ್ಚು ಕೆಲಸವೆಂದು ಜೀವನದಲ್ಲಿ ಮೊದಲ ಸಲ ನನಗೆ ಬೇರೆಯವರ ಕಣ್ಣಿನಲ್ಲಿ ಕಂಡಿತು. ಹಾಳೆ ವಾಪಸು ಬರದಿದ್ದರೆ ಪೊಲೀಸ್ ಚೌಕಿಗೆ ಹೋಗುವುದೇ ಸೈ ಅಂದಳು. ನನ್ನ ಆಧಾರ ಕಾರ್ಡಿನ ಫೋಟೋ ತೆಗೆದುಕೊಂಡಳು.

ಮನೆಗೆ ಬಂದವಳೇ ಫೋನು ಹಿಡಿದೆ. ಕೊಲ್ಕತ್ತಾದವನು ಫೋನು ಎತ್ತಲಿಲ್ಲ. ಬೆಳಿಗ್ಗೆ ಮಾಡಿದೆ, ಮಧ್ಯಾಹ್ನ ಮಾಡಿದೆ, ಗಂಟೆ ಬಾರಿಸಿ ಬಾರಿಸಿ ನಿಲ್ಲುತ್ತಿತ್ತು. ಯಾರವನು? ಏನು ಕೆಲಸ? ಮನೆಯಲ್ಲಿ ಯಾರ್ಯಾರು? ಒಂದೂ ಗೊತ್ತಿಲ್ಲ. ಒಬ್ಬ ಮುದುಕನ ತಲೆಯ ಮೇಲಿನ ಸೂರನ್ನು ಲಕೋಟೆಯಲ್ಲಿ ಹಾಕಿ, ಅಂಟು ಹಚ್ಚಿ, ಯಾರೋ ಗುರುತಿಲ್ಲದವನಿಗೆ ಕಳಿಸಿ ಕೂತಿದ್ದೆ. ತರಕಾರಿಗೆ ಹೋಗುವಾಗ ಸೆರಗು ತಲೆಯ ಮೇಲೆ ಎಳೆದುಕೊಂಡೆ. ನನ್ನ ಮುಖವೇ ಗೊತ್ತಿಲ್ಲದ ಹೆಂಗಸೊಬ್ಬಳು ಮೆಂತೆಸೊಪ್ಪು ಆರಿಸುತ್ತ ಇನ್ನೊಬ್ಬಳಿಗೆ ಹೇಳುತ್ತಿದ್ದಳು, "ಆ ಸಹಿವಾಲಿ ಹೆಂಗಸು ಇನ್ನೂ ಸಿಕ್ಕಿಲ್ಲವಂತೆ." ಸೊಪ್ಪು ಅಲ್ಲೇ ಬಿಟ್ಟು ಮನೆಗೆ ಓಡಿಬಂದೆ. ಕೆಳಗೆ ಮೋಟಾರ್‌ಸೈಕಲ್ ನಿಂತ ಸದ್ದಾದರೆ ಪೊಲೀಸರೇ ಬಂದರು ಅಂತ ಕಿಟಕಿಗೆ ಓಡುತ್ತಿದ್ದೆ. ನಮ್ಮ ಯಜಮಾನರು ಚೇಷ್ಟೆ ಮಾಡುವುದನ್ನೇ ಬಿಟ್ಟರು. ಅದು ಇನ್ನೂ ಹೆಚ್ಚು ಹೆದರಿಸಿತು.

ಕಡೆಗೆ ಕೊಲ್ಕತ್ತಾದವನೇ ಫೋನು ಮಾಡಿದ. ಕಣ್ಣಿನ ಪೊರೆ ತೆಗೆಸಿಕೊಂಡು ಮಲಗಿದ್ದನಂತೆ. ನಾನು ಅತ್ತೇಬಿಟ್ಟೆ. ಹಾಳೆ ತಲುಪಿದೆ, ಆದರೆ ಸಹಿ ಮೂಲೆಯಲ್ಲಿದೆ, ಚೌಕಟ್ಟಿಗೆ ಬರುವುದಿಲ್ಲ, ತನಗೆ ಬೇಡವೇ ಬೇಡ ಅಂದ. ಎಂಥ ಅಮೃತದಂಥ ಮಾತು! ದಯವಿಟ್ಟು ಇವತ್ತೇ ವಾಪಸು ಕಳಿಸಪ್ಪಾ ಅಂತ ಬೇಡಿಕೊಂಡೆ. ಕಳಿಸಿದ.

ಲಕೋಟೆ ಕೈಗೆ ಬಂದ ಮಧ್ಯಾಹ್ನವೇ ಹೋದೆ. ಜೊತೆಗೆ ಜಾಹೀರಾತನ್ನೂ ಒಯ್ದೆ. ಇಷ್ಟೆಲ್ಲ ರಾದ್ಧಾಂತವಾದ ಮೇಲೆ ಅದನ್ನು ನಾನು ಇಟ್ಟುಕೊಳ್ಳುವುದು ಬೇಡ, ಅಜ್ಜಾರಿಗೇ ಕೊಟ್ಟುಬಿಡುತ್ತೇನೆ, ಅವರ ಎಳೆಯ ದೇಹವನ್ನು ಅವರೇ ನೋಡಿಕೊಂಡು ಕೂರಲಿ ಅಂತ ಮನಸ್ಸು ಮಾಡಿದ್ದೆ. ಸೊಸೆ ಮೂರನೆಯ ಹಾಳೆ ನೋಡಿದ್ದೇ ಗೋಡೆಗೆ ಒರಗಿ ಉಸಿರು ಬಿಟ್ಟಳು. ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಗುಂಪಿನಲ್ಲಿ ಹಾಕಿದ ಫೋಟೋ ತೆಗೆಸುತ್ತೇನೆ ಕಾಕು, ಏನೂ ತಿಳಿದುಕೊಳ್ಳಬೇಡಿ ಅಂದಳು. ಆಮೇಲೆ, "ನೋಡಿ, ಆಬಾರಿಗೆ ಈಗ ಎಷ್ಟು ಚೆನ್ನಾಗಿ ಕಲಿಸಿದ್ದೇವೆ" ಅಂತ ಹಾಳೆಯನ್ನು ಮಾವನ ಮುಂದೆ ಹಿಡಿದಳು.

"ಆಬಾ, ಹೀ ಸಹೀ ತುಮಚೀ ಆಹೇ ಕಾ?" ಈ ಸಹಿ ನಿಮ್ಮದೇ ಅಂತ ಕೇಳಿದಳು.

"ನಾಹೀ" ಅಂದರು ಅಜ್ಜಾರು. "ಮಾಝೀ ನಾಹೀ." ನನ್ನದಲ್ಲ.

ಯಾರು ಏನೇ ಕಾಗದ ತೋರಿಸಿದರೂ ಹೀಗೇ ಹೇಳಬೇಕೆಂದು ದಿನಾ ಕೂರಿಸಿ ರೂಢಿ ಮಾಡಿಸಿದ್ದರು. ಸೊಸೆಯನ್ನು ಬೈಯಲು ನನಗೆ ಬಾಯಿಲ್ಲ. ಆ ಪಾಠಕ್ಕೆ ಕಾರಣಳು ನಾನೇ. ಅವಳು ಹಾಳೆ ಹರಿಯುತ್ತಿರುವಾಗ ನಾನು ಜಾಹೀರಾತು ಬಿಚ್ಚಿ ಅಜ್ಜಾರ ತೊಡೆಯ ಮೇಲೆ ಹರವಿದೆ. "ಇದು ನಿಮಗs ಇರಲಿ ಅಜ್ಜಾರ. ನಿಮ್ಮ ಸಹಿ, ನಿಮ್ಮ ಮನ್ಯಾಗ ಇರಲಿ" ಅಂದೆ.

ನೋಡಿದರು. ಕಣ್ಣಲ್ಲಿ ಏನೋ ಮಿನುಗಿತು. ಹೆಬ್ಬೆರಳು ತಾನಾಗಿಯೇ ಹೊರಟು, ಆ ನೀಲಿ ಬಾಲದ ಗುಂಟ ಹಿಂದಕ್ಕೆ ಸರಿದು ಗಂಟಿನ ಹತ್ತಿರ ಬಂತು. ಅಲ್ಲಿ ಬೆಂಕಿ ತಾಗಿದಂತೆ ಕೈ ಹಿಂದೆಗೆದುಕೊಂಡರು. ಸೊಸೆಯ ಮುಖ ನೋಡಿದರು.

"ನಾಹೀ. ಮಾಝೀ ನಾಹೀ" ಅಂದರು.

ಸೊಸೆ ಗಾಬರಿಯಾದಳು. ಓಡಿಬಂದು ಅವರ ಮುಂದೆ ನೆಲದ ಮೇಲೆ ಕೂತಳು. ಆಬಾ, ಇದು ಬೇರೆ, ಇದು ಹಳೆಯದು, ಇದು ನಿಮ್ಮದೇ, ಇದಕ್ಕೆ ಹೌದು ಅನ್ನಬಹುದು ಅಂತ ಮತ್ತೆ ಮತ್ತೆ ಹೇಳಿದಳು. ನಾನು ಕನ್ನಡದಲ್ಲಿ ಹೇಳಿದೆ, ತಾಲೀಮು ನೆನಪಿಸಿದೆ, ವಸ್ತಾದರನ್ನು ನೆನಪಿಸಿದೆ. ಅಜ್ಜಾರು ನನಗೂ ಮರಾಠಿಯಲ್ಲೇ ಉತ್ತರ ಕೊಟ್ಟರು. ನಾಹೀ. ಅವರಿಗೆ ಮರೆತಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಹೆಬ್ಬೆರಳು ಸುಳ್ಳು ಹೇಳುವುದಿಲ್ಲ. ಅವರು ಹೆದರಿದ್ದರು. ಎದುರಿಗೆ ಎಂಥ ಜಟ್ಟಿ ನಿಂತರೂ ತೊಡೆ ತಟ್ಟಿದ ಮನುಷ್ಯ, ತನ್ನ ಹೆಸರು ಕಂಡು ಹೆದರಿದ್ದರು. ಬ್ಯಾಂಕಿನಲ್ಲಿ ನಮಗೊಂದು ಕಟ್ಟಳೆ ಇತ್ತು: ಸಹಿ ಎಷ್ಟೇ ತಾಳೆಯಾಗಲಿ, ಖಾತೆದಾರ ತನ್ನದಲ್ಲ ಅಂದನೋ, ಅಲ್ಲಿಗೇ ಕೈ ತಡೆಯಬೇಕು. ನಾನು ಜಾಹೀರಾತು ಸುತ್ತಿಕೊಂಡೆ. ಬೇಡವೆಂದವರ ಮನೆಯಲ್ಲಿ ಅದನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ.

ಹೊರಡುವಾಗ ತಡೆಯಲಾಗಲಿಲ್ಲ. ಅಂದು ಅವರು ಚಾಚಿದ ಹಾಗೆ ನನ್ನ ಬಲಗೈ ಮುಂದೆ ಚಾಚಿದೆ.

"ಕೈ ಕೊಡ್ರಿ ಅಜ್ಜಾರ. ಬರ್ತೀನಿ" ಅಂದೆ.

ಅಜ್ಜಾರು ನನ್ನ ಕೈ ನೋಡಿದರು. ತಮ್ಮ ಎರಡೂ ಕೈಗಳನ್ನು ಮೆಲ್ಲಗೆ ತೊಡೆಯ ಮೇಲಿನ ಹೊದಿಕೆಯೊಳಗೆ ಎಳೆದುಕೊಂಡರು. ಆಮೇಲೆ ಸೊಸೆಯ ಕಡೆ ತಿರುಗಿ, ಸಣ್ಣ ದನಿಯಲ್ಲಿ ಕೇಳಿದರು:

"ಹಾತ ದಿಲಾ ತರ ಚಾಲೇಲ ನಾ?" ಕೈ ಕೊಟ್ಟರೆ ನಡೆಯುತ್ತದಲ್ಲವಾ ಅಂತ.

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಹೌದೆಂದು ತಲೆಯಾಡಿಸಿದಳು. ಆದರೂ ಹೊದಿಕೆ ಅಲುಗಲಿಲ್ಲ. ನಾನು ಸ್ವಲ್ಪ ಹೊತ್ತು ಕೈ ಚಾಚಿಕೊಂಡೇ ನಿಂತಿದ್ದೆ. ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡು, ಚಪ್ಪಲಿ ಮೆಟ್ಟಿ, ಮೆಟ್ಟಿಲು ಇಳಿದೆ.